ಹಳೆಯ ಮೋಟಾರು ಸೈಕಲಿನ ತಳಿಯನ್ನು ಗುರುತಿಸುವ ಬಗೆ



ಅಡಿಕೆ ಸಸಿ ತರಲು ಹೋದವರು "ನೂರು ಸಸಿ ಕೊಡಿ" ಎಂದಷ್ಟೇ ಕೇಳಿ ಬರುವುದಿಲ್ಲ. ಮಂಗಳವೋ, ಸುಮಂಗಳವೋ, ಮೋಹಿತನಗರವೋ, ಅಥವಾ ಊರಿನ ತಳಿಯೋ ಎಂದು ವಿಚಾರಿಸಿಯೇ ತರುತ್ತೀರಿ. ಭತ್ತದ ಬೀಜವಾದರೆ ಎಂ.ಒ.4 ಹೌದೋ ಅಲ್ಲವೋ ಎಂದು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತೀರಿ. ಎತ್ತು ಕೊಳ್ಳುವಾಗಲಂತೂ ಹಲ್ಲು ನೋಡಿ, ಸುಳಿ ನೋಡಿ, ಹತ್ತು ಹೆಜ್ಜೆ ನಡೆಸಿ ನೋಡದೆ ಹಗ್ಗಕ್ಕೆ ಕೈಹಾಕುವವರು ಯಾರೂ ಇಲ್ಲ. ಹೀಗಿರುವಲ್ಲಿ, ಮಂಗಳೂರಿಗೆ ಹೋಗಿ ಹಳೆಯ ಮೋಟಾರು ಸೈಕಲನ್ನು ಕೊಳ್ಳುವಾಗ ಮಾತ್ರ "ಸ್ಪ್ಲೆಂಡರ್", "ಬುಲೆಟ್", "ಡಿಸ್ಕವರ್" ಎಂಬ ಕುಲನಾಮವೊಂದನ್ನೇ ನಂಬಿ ಹಣ ಎಣಿಸಿ ಕೊಟ್ಟು ಬರುವುದು ಯಾವ ಲೆಕ್ಕ?

ಒಂದು ಕುಲದೊಳಗೆ ತಳಿಗಳು ಎಷ್ಟಿವೆ ನೋಡಿ. ಸ್ಪ್ಲೆಂಡರ್ ಎಂಬ ಗಾಡಿ ನಮ್ಮ ರಸ್ತೆಗೆ ಬಂದುದು 1994ರಲ್ಲಿ. ಅದರ ತರುವಾಯ ಸ್ಪ್ಲೆಂಡರ್ ಪ್ಲಸ್, ಸೂಪರ್ ಸ್ಪ್ಲೆಂಡರ್, ಎನ್.ಎಕ್ಸ್.ಜಿ., ಪ್ರೊ, ಐಸ್ಮಾರ್ಟ್ ಎಂದು ಬಂದವು. ಪ್ಲಸ್ಸಿನಲ್ಲಿಯೇ ಕಿಕ್ಕರಿನದು ಬೇರೆ, ಸೆಲ್ಫ್ ಇರುವುದು ಬೇರೆ, ಕಡ್ಡಿಯ ಚಕ್ರದ್ದು ಬೇರೆ, ಅಲಾಯ್ ಚಕ್ರದ್ದು ಬೇರೆ. ಸೂಪರ್ ಸ್ಪ್ಲೆಂಡರ್ ಎಂಬುದಂತೂ 125 ಸಿ.ಸಿ. ವರ್ಗದ ಗಾಡಿ, ಸಾಮಾನ್ಯ ಸ್ಪ್ಲೆಂಡರ್ 97.2 ಸಿ.ಸಿ. ಹೆಸರಿನಲ್ಲಿ ಅಣ್ಣತಮ್ಮಂದಿರಾದರೂ ಒಂದರ ಪಿಸ್ಟನ್ ಇನ್ನೊಂದಕ್ಕೆ ಆಗುವುದಿಲ್ಲ. ಬಜಾಜ್ ಡಿಸ್ಕವರಿನ ಕಥೆ ಇದಕ್ಕಿಂತ ತೊಡಕಿನದು: 100, 100 ಟಿ, 100 ಎಂ, 125, 125 ಎಸ್.ಟಿ., 125 ಟಿ, 125 ಎಂ, 135, 150 ಎಂದು ಆ ಮನೆತನದ ಮಕ್ಕಳನ್ನು ಎಣಿಸುವಷ್ಟರಲ್ಲಿ ಬಸ್ಸು ತಪ್ಪೀತು.

ಇದರಿಂದ ನಷ್ಟವೇನು ಎಂದು ಕೇಳುವಿರಾದರೆ, ಹೀಗೆ ಎಣಿಸಿ. ಬಂಟ್ವಾಳದ ಕಡೆಯ ಒಬ್ಬ ರೈತರು ಕ್ಯಾಂಪ್ಕೋಗೆ ಅಡಿಕೆ ಹಾಕಿ ಬಂದ ಹಣದಲ್ಲಿ ಒಂದು ಹಳೆಯ ಗಾಡಿಯನ್ನು ಕೊಂಡರು ಎಂದಿಟ್ಟುಕೊಳ್ಳಿ. ಗಾಡಿಯ ಮೈಮೇಲೆ ಅಂಟಿಸಿದ ಹೆಸರು ಒಂದು, ಆರ್.ಸಿ.ಯಲ್ಲಿ ಬರೆದ ಹೆಸರು ಇನ್ನೊಂದು, ಎಂಜಿನು ಮೂರನೆಯದೊಂದು ಗಾಡಿಯದು. ಮೊದಲ ಸಲ ಸಾಮಾನು ಬೇಕಾದಾಗ ಅಂಗಡಿಯವನು ಕೊಟ್ಟದ್ದು ಹೊಂದುವುದಿಲ್ಲ. ಎರಡು ಸಲ ಮಂಗಳೂರಿಗೆ ಓಡಾಟವಾಗುತ್ತದೆ, ಎರಡು ದಿನದ ಕೆಲಸ ಕೆಡುತ್ತದೆ. ಮುಂದೆ ಎಲ್ಲಿಯಾದರೂ ಅಪಘಾತವಾದರೆ ವಿಮೆಯ ಕಂಪೆನಿಯವರು ದಾಖಲೆಗೂ ಗಾಡಿಗೂ ತಾಳೆಯಿಲ್ಲವೆಂದು ತಕರಾರು ಎತ್ತಬಹುದು. ಎಲ್ಲಕ್ಕಿಂತ ಕೆಟ್ಟದೆಂದರೆ, ಆ ಎಂಜಿನು ಕಳವಿನ ಮಾಲಾಗಿದ್ದರೆ ಪೋಲೀಸರು ಬರುವುದು ಮಾರಿದವನ ಮನೆಗಲ್ಲ, ನಿಮ್ಮ ಅಂಗಳಕ್ಕೆ. ಆದುದರಿಂದ ಈ ಸಂಚಿಕೆಯ ಪಾಠದಲ್ಲಿ ಗಾಡಿಯ ತಳಿಯನ್ನು ನೀವೇ ಗುರುತಿಸಿಕೊಳ್ಳುವ ಬಗೆಯನ್ನು ವಿವರಿಸಲಾಗಿದೆ. ಇದಕ್ಕೆ ಬೇಕಾದ ಸಲಕರಣೆಗಳು ಒಂದು ಪೆನ್ಸಿಲು, ಒಂದು ತೆಳ್ಳನೆಯ ಬಿಳಿ ಕಾಗದ, ಒಂದು ಹಳೆಯ ಬಟ್ಟೆ, ಒಂದು ಟಾರ್ಚು, ಒಂದು ಚಿಕ್ಕ ಅಯಸ್ಕಾಂತ. ಅಯಸ್ಕಾಂತ ಮನೆಯಲ್ಲಿಲ್ಲದಿದ್ದರೆ ಕೆಟ್ಟುಹೋದ ಸ್ಪೀಕರಿನ ಹಿಂಬದಿಯದು ಆಗುತ್ತದೆ.

ಕುತ್ತಿಗೆಯ ಸಂಖ್ಯೆ

ಟ್ಯಾಂಕಿನ ಮೇಲಿನ ಹೆಸರನ್ನು ಮೊದಲು ಮರೆತುಬಿಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬಂತೆ, ಹೊಳೆಯುವ ಅಕ್ಷರಗಳೆಲ್ಲ ಕಾರ್ಖಾನೆಯವಲ್ಲ. ಆ ಚೀಟಿಗಳನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಬಹುದು, ಯಾವ ಗಾಡಿಗೂ ಅಂಟಿಸಬಹುದು. ಗಾಡಿಯ ನಿಜವಾದ ಜಾತಕವಿರುವುದು ಚಾಸಿಸ್ ಸಂಖ್ಯೆಯಲ್ಲಿ. ಕೇಂದ್ರ ಮೋಟಾರು ವಾಹನ ನಿಯಮಗಳ 122ನೆಯ ನಿಯಮದಂತೆ ತಯಾರಕರು ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಲೋಹದಲ್ಲಿಯೇ ಒತ್ತತಕ್ಕದ್ದು.

ಹೆಚ್ಚಿನ ಮೋಟಾರು ಸೈಕಲುಗಳಲ್ಲಿ ಈ ಸಂಖ್ಯೆ ಹ್ಯಾಂಡಲಿನ ಕೆಳಗಿನ ದಪ್ಪ ಕೊಳವೆಯ, ಅಂದರೆ ಗಾಡಿಯ ಕುತ್ತಿಗೆಯ ಮೇಲೆ ಇರುತ್ತದೆ. ಹ್ಯಾಂಡಲನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಟಾರ್ಚು ಬಿಟ್ಟರೆ ಕಾಣುತ್ತದೆ; ಕಾಣದಿದ್ದರೆ ಇನ್ನೊಂದು ಕಡೆಗೆ ತಿರುಗಿಸಿ. ಎಣ್ಣೆ ಮಣ್ಣು ಮೆತ್ತಿಕೊಂಡಿದ್ದರೆ ಬಟ್ಟೆಯಿಂದ ಒರಸಿ. ಆನಂತರ ಕಾಗದವನ್ನು ಅದರ ಮೇಲಿಟ್ಟು ಪೆನ್ಸಿಲಿನ ಮೊನೆಯನ್ನು ಅಡ್ಡಲಾಗಿ ಹಿಡಿದು ಮೆಲ್ಲಗೆ ಉಜ್ಜಿ. ಮಕ್ಕಳು ಕಾಗದದ ಅಡಿಯಲ್ಲಿ ನಾಣ್ಯವಿಟ್ಟು ಅಚ್ಚು ತೆಗೆಯುವುದಿಲ್ಲವೇ, ಹಾಗೆಯೇ. ಆರ್.ಟಿ.ಓ. ಕಛೇರಿಯ ನಮೂನೆಗಳಿಗೂ ಇಂಥದೇ ಪೆನ್ಸಿಲ್ ಅಚ್ಚನ್ನು ಅಂಟಿಸುವ ವಾಡಿಕೆಯುಂಟು. ಕಣ್ಣಿನಿಂದ ಓದಿ ಬರೆದುಕೊಂಡರೆ ಎಂಟನ್ನು ಮೂರೆಂದು ಓದಬಹುದು; ಅಚ್ಚು ಸುಳ್ಳು ಹೇಳುವುದಿಲ್ಲ.

ಅಚ್ಚು ತೆಗೆದುದಕ್ಕೆ ಇನ್ನೊಂದು ಪ್ರಯೋಜನವಿದೆ. ಮಂಗಳೂರಿನ ಉಪ್ಪುಗಾಳಿಗೂ ನಾಲ್ಕು ತಿಂಗಳ ಮಳೆಗೂ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆಂಬುದು ಸರಿ. ಉಳ್ಳಾಲ, ಪಣಂಬೂರಿನ ಕಡೆ ಕಡಲ ಬದಿಯಲ್ಲಿ ಹತ್ತು ವರ್ಷ ನಿಂತ ಗಾಡಿಯ ಸಂಖ್ಯೆ ಮಸಕಾಗಿರುವುದು ಸಹಜವೇ. ಆದರೆ ತುಕ್ಕಿನಿಂದ ಮಸಕಾದುದಕ್ಕೂ ಅರದಿಂದ ಉಜ್ಜಿ ಹೊಸದಾಗಿ ಗುದ್ದಿದುದಕ್ಕೂ ವ್ಯತ್ಯಾಸವಿದೆ. ಕಾರ್ಖಾನೆಯ ಅಂಕಿಗಳು ಒಂದೇ ಆಳ, ಒಂದೇ ಅಂತರ, ಒಂದೇ ಸಾಲಿನಲ್ಲಿರುತ್ತವೆ. ಕೈಯಿಂದ ಗುದ್ದಿದವುಗಳಲ್ಲಿ ಒಂದು ಮೇಲೆ, ಒಂದು ಕೆಳಗೆ, ಒಂದು ಆಳ, ಒಂದು ತೇಲಿಕೆ. ಸುತ್ತಲಿನ ಲೋಹ ತಗ್ಗಾಗಿದ್ದರೆ, ಅಥವಾ ಆ ಜಾಗಕ್ಕಷ್ಟೇ ಹೊಸ ಬಣ್ಣ ಬಳಿದಿದ್ದರೆ ಅನುಮಾನ ಪಡತಕ್ಕದ್ದು. ಅಲ್ಲಿ ಅಯಸ್ಕಾಂತವನ್ನು ಇಟ್ಟು ನೋಡಿ. ಬಣ್ಣದಡಿಯಲ್ಲಿ ಪುಟ್ಟಿ ತುಂಬಿದ್ದರೆ ಅದು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಸಂಖ್ಯೆ ನಿಜವಾಗಿಯೂ ತುಕ್ಕಿಗೆ ಹೋಗಿ ಆರ್.ಟಿ.ಓ. ಅನುಮತಿಯಿಂದ ಮತ್ತೆ ಗುದ್ದಿಸಿದ್ದರೆ ಅದಕ್ಕೆ ಕಾಗದವಿರುತ್ತದೆ. ಕಾಗದವಿಲ್ಲದ ಗುದ್ದುವಿಕೆಗೆ ಯಾವ ಸಮಾಧಾನ ಹೇಳಿದರೂ ಒಪ್ಪಬೇಡಿ. ಅಂಥ ಗಾಡಿಯನ್ನು ಅರ್ಧ ಬೆಲೆಗೆ ಕೊಟ್ಟರೂ ಅದು ದುಬಾರಿಯೇ.

ಸಂಖ್ಯೆಯನ್ನು ಓದುವ ಕ್ರಮ

ಈಚಿನ ಗಾಡಿಗಳ ಚಾಸಿಸ್ ಸಂಖ್ಯೆಯಲ್ಲಿ ಅಕ್ಷರ, ಅಂಕಿ ಸೇರಿ ಹದಿನೇಳು ಸ್ಥಾನಗಳಿವೆ. ಇಂಗ್ಲಿಷಿನ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಒಂದು, ಸೊನ್ನೆಗಳೊಡನೆ ಗೊಂದಲವಾಗಬಾರದೆಂಬುದೇ ಕಾರಣ. ಆದ್ದರಿಂದ ಸಂಖ್ಯೆಯಲ್ಲಿ ಓ ಕಂಡಿತೆಂದರೆ ಅದನ್ನು ಸೊನ್ನೆಯೆಂದೇ ಓದಬೇಕು.

ಮೊದಲ ಮೂರು ಸ್ಥಾನ ತಯಾರಕರ ಗುರುತು. ಎಂ.ಬಿ.ಎಲ್. ಎಂದಿದ್ದರೆ ಹೀರೋ, ಎಂ.ಡಿ.2 ಎಂದಿದ್ದರೆ ಬಜಾಜ್, ಎಂ.ಡಿ.6 ಟಿ.ವಿ.ಎಸ್.; ಎಂ.ಇ.4 ಹೋಂಡಾ, ಎಂ.ಇ.3 ರಾಯಲ್ ಎನ್‌ಫೀಲ್ಡ್, ಎಂ.ಇ.1 ಯಮಾಹಾ. ಟ್ಯಾಂಕಿನ ಮೇಲೆ ಹೋಂಡಾ ಎಂದಿದ್ದು ಕುತ್ತಿಗೆಯಲ್ಲಿ ಎಂ.ಬಿ.ಎಲ್. ಎಂದಿದ್ದರೆ ಗಾಬರಿಯಾಗುವ ಮೊದಲು ಒಂದು ಮಾತು ನೆನಪಿಡಿ. ಹೀರೋ ಮತ್ತು ಹೋಂಡಾ ಕೂಡಿ ನಡೆಸಿದ ಸಂಸಾರ 1984ರಿಂದ ಇತ್ತು. ಬೇರೆಯಾಗುವ ನಿರ್ಧಾರ 2010ರ ಡಿಸೆಂಬರಿನಲ್ಲಿ ಆಯಿತು. 2011ರಲ್ಲಿ ಕಂಪೆನಿಗೆ ಹೀರೋ ಮೋಟೋಕಾರ್ಪ್ ಎಂದು ಹೆಸರಾಯಿತು. ಹಳೆಯ ಹೀರೋ ಹೋಂಡಾ ಗಾಡಿಗಳು ಹೀರೋ ಮನೆತನಕ್ಕೆ ಸೇರಿದವು.

ನಡುವಿನ ನಾಲ್ಕರಿಂದ ಒಂಬತ್ತನೆಯ ಸ್ಥಾನದವರೆಗಿನ ಅಕ್ಷರಗಳೇ ತಳಿಯ ಗುರುತು. ಇವುಗಳ ಅರ್ಥ ಕಂಪೆನಿಯಿಂದ ಕಂಪೆನಿಗೆ ಬೇರೆ. ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಆದರೆ ಆಯಾ ಕಂಪೆನಿಯ ಅಧಿಕೃತ ಮಾರಾಟಗಾರರ ಬಿಡಿಭಾಗಗಳ ಮೇಜಿನಲ್ಲಿ ಈ ಹದಿನೇಳು ಸ್ಥಾನಗಳನ್ನು ಕೊಟ್ಟರೆ ಅವರು ತಮ್ಮ ಪಟ್ಟಿಯಲ್ಲಿ ನೋಡಿ ಯಾವ ತಳಿ, ಯಾವ ತಿಂಗಳು ಎಂದು ಹೇಳಬಲ್ಲರು. ನೀವು ತೆಗೆದ ಪೆನ್ಸಿಲ್ ಅಚ್ಚನ್ನೇ ಅವರ ಮುಂದಿಡಿ. ಬೇರೆ ಯಾವ ಜಾಣ್ಮೆಗಿಂತಲೂ ಇದು ನೇರವಾದ ದಾರಿ. ನಮ್ಮವರು ಇದನ್ನು ಮಾಡದಿರುವುದಕ್ಕೆ ಸಂಕೋಚವೊಂದೇ ಕಾರಣವೆಂದು ತೋರುತ್ತದೆ. ಸಾಮಾನು ಕೊಳ್ಳುವ ಗಿರಾಕಿಗೆ ಪ್ರಶ್ನೆ ಕೇಳುವ ಹಕ್ಕಿದೆ.

ಹತ್ತನೆಯ ಸ್ಥಾನ ಸಾಮಾನ್ಯವಾಗಿ ವರ್ಷದ ಗುರುತು. ಅಲ್ಲಿ 8 ಇದ್ದರೆ 2008, 9 ಇದ್ದರೆ 2009. 2010ಕ್ಕೆ ಎ, 2011ಕ್ಕೆ ಬಿ, 2012ಕ್ಕೆ ಸಿ ಎಂದು ಮುಂದುವರಿದು 2017ಕ್ಕೆ ಎಚ್ ಬರುತ್ತದೆ. ಐ ಎಂಬುದನ್ನು ಬಿಟ್ಟಿರುವುದರಿಂದ 2018ಕ್ಕೆ ಜೆ, 2019ಕ್ಕೆ ಕೆ, 2020ಕ್ಕೆ ಎಲ್, 2021ಕ್ಕೆ ಎಂ, 2022ಕ್ಕೆ ಎನ್. ಓ ಇಲ್ಲವಾದ್ದರಿಂದ 2023ಕ್ಕೆ ಪಿ; ಕ್ಯೂ ಇಲ್ಲವಾದ್ದರಿಂದ 2024ಕ್ಕೆ ಆರ್. ಬೆರಳು ಮಡಿಸಿ ಎಣಿಸಿದರೆ ಸಾಕು. ಹಳೆಯ ಕೆಲವು ಗಾಡಿಗಳಲ್ಲಿ ತಯಾರಕರು ತಮ್ಮದೇ ಸಂಕೇತ ಬಳಸಿದ್ದುಂಟು. ಆದ್ದರಿಂದ ಈ ಅಕ್ಷರವೂ ಆರ್.ಸಿ.ಯಲ್ಲಿನ ತಯಾರಿಕೆಯ ವರ್ಷವೂ ಹೊಂದದಿದ್ದರೆ ಕೂಡಲೇ ಜಗಳಕ್ಕೆ ನಿಲ್ಲದೆ ಮಾರಾಟಗಾರರ ಪಟ್ಟಿಯನ್ನು ಕೇಳಿ ನಿಶ್ಚಯಿಸಿಕೊಳ್ಳಿ.

ಇಲ್ಲಿಯೇ ಇನ್ನೊಂದು ಮಾತು. ನೋಂದಣಿಯ ವರ್ಷ ಬೇರೆ, ತಯಾರಿಕೆಯ ವರ್ಷ ಬೇರೆ. ಡಿಸೆಂಬರಿನಲ್ಲಿ ತಯಾರಾದ ಗಾಡಿ ಮಾರ್ಚಿನಲ್ಲಿ ನೋಂದಣಿಯಾದರೆ ಮಾರುವವನು ನೋಂದಣಿಯ ವರ್ಷವನ್ನೇ ಹೇಳುತ್ತಾನೆ. ಬೆಲೆ ಕಟ್ಟಬೇಕಾದುದು ತಯಾರಿಕೆಯ ವರ್ಷಕ್ಕೆ. ಇನ್ನು ಸಂಖ್ಯಾಫಲಕದ ಮೇಲಿನ ಕೆ.ಎ.19 ಎಂಬುದು ಮಂಗಳೂರಿನ ಕಛೇರಿಯದು, ಕೆ.ಎ.21 ಪುತ್ತೂರಿನದು, ಕೆ.ಎ.70 ಬಂಟ್ವಾಳದ್ದು, ಕೆ.ಎ.20 ಉಡುಪಿಯದು ಎಂದು ತಿಳಿಯಬಹುದೇ ಹೊರತು ಅದರಿಂದ ತಳಿಯ ಬಗ್ಗೆ ಏನೂ ತಿಳಿಯುವುದಿಲ್ಲ.

ಕಾನೂನು ಬಿಟ್ಟುಹೋದ ಗುರುತುಗಳು

ಮರವನ್ನು ಕಡಿದಾಗ ಅದರೊಳಗಿನ ಬಳೆಗಳನ್ನು ಎಣಿಸಿ ವಯಸ್ಸು ಹೇಳುವಂತೆ, ಮೋಟಾರು ಸೈಕಲಿನ ಮೈಮೇಲೆ ಸರಕಾರದ ಆಜ್ಞೆಗಳು ಗುರುತು ಬಿಟ್ಟಿವೆ. ಇವನ್ನು ಬಲ್ಲವರಿಗೆ ವರ್ಷದ ವಿಷಯದಲ್ಲಿ ಮೋಸ ಮಾಡುವುದು ಕಷ್ಟ.

2017ರ ಏಪ್ರಿಲ್ 1ರಿಂದ ಹೊಸ ಗಾಡಿಗಳಲ್ಲಿ ಎಂಜಿನು ನಡೆಯುವಾಗಲೆಲ್ಲ ಮುಂದಿನ ದೀಪ ತಾನಾಗಿ ಉರಿಯಬೇಕೆಂದು ಆಯಿತು. ಆದುದರಿಂದ ಅಲ್ಲಿಂದೀಚಿನ ಗಾಡಿಯ ಹ್ಯಾಂಡಲಿನಲ್ಲಿ ದೀಪ ಆರಿಸುವ ಸ್ವಿಚ್ಚು ಇಲ್ಲ. "ಇದು 2018ರ ಗಾಡಿ" ಎಂದು ಹೇಳಿ ತೋರಿಸಿದ್ದರಲ್ಲಿ ದೀಪದ ಸ್ವಿಚ್ಚು ಇದ್ದರೆ, ಒಂದೋ ಗಾಡಿ ಹಳೆಯದು, ಇಲ್ಲವೇ ಹಳೆಯ ಗಾಡಿಯ ಸ್ವಿಚ್ಚನ್ನು ತಂದು ಕೂಡಿಸಿದ್ದಾರೆ. ಅದೇ ದಿನದಿಂದ ಬಿ.ಎಸ್.3 ಗಾಡಿಗಳ ಮಾರಾಟ, ನೋಂದಣಿ ನಿಂತಿತು. ಸುಪ್ರೀಂ ಕೋರ್ಟಿನ ಆಜ್ಞೆ ಬಂದುದು 2017ರ ಮಾರ್ಚ್ 29ರಂದು; ಉಳಿದ ಎರಡು ದಿನಗಳಲ್ಲಿ ಅಂಗಡಿಗಳು ಭಾರಿ ರಿಯಾಯಿತಿಗೆ ಮಾರಿದವು. ಆ ಮಾರ್ಚಿನ ಕೊನೆಯಲ್ಲಿ ನೋಂದಣಿಯಾದ ಗಾಡಿಗಳು ಬಿ.ಎಸ್.3 ಆಗಿರುವ ಸಂಭವ ಹೆಚ್ಚು. ಓಡಿಸಲು ಅಡ್ಡಿಯಿಲ್ಲ, ಆದರೆ ಬಿ.ಎಸ್.4ರ ಬೆಲೆಯನ್ನು ಕೊಡಬೇಡಿ.

2019ರ ಏಪ್ರಿಲ್ 1ರ ಹೊತ್ತಿಗೆ 125 ಸಿ.ಸಿ.ವರೆಗಿನ ಎಲ್ಲ ಹೊಸ ಗಾಡಿಗಳಿಗೆ ಕೂಡುಬ್ರೇಕು ಕಡ್ಡಾಯವಾಯಿತು, ಅದಕ್ಕೂ ದೊಡ್ಡವಕ್ಕೆ ಎ.ಬಿ.ಎಸ್. ಕೂಡುಬ್ರೇಕನ್ನು ಪರೀಕ್ಷಿಸುವುದು ಸುಲಭ. ಗಾಡಿಯನ್ನು ನಡುಗಾಲಿಗೆ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಹಿಂದೆ ಒಬ್ಬರು ಒತ್ತಿ ಹಿಡಿದು, ಚಕ್ರವನ್ನು ತಿರುಗಿಸಿ ಕಾಲಿನ ಬ್ರೇಕನ್ನು ಮಾತ್ರ ಒತ್ತಿ. ಮುಂದಿನ ಚಕ್ರವೂ ಹಿಡಿದುಕೊಂಡರೆ ಕೂಡುಬ್ರೇಕು ಇದೆ ಎಂದರ್ಥ. ಇದು ತಳಿ ಗುರುತಿಸುವುದಕ್ಕಷ್ಟೇ ಅಲ್ಲ, ನಮ್ಮ ಘಟ್ಟದ ಬದಿಯ ಇಳಿಜಾರಿನಲ್ಲಿ ಜೀವ ಉಳಿಸುವುದಕ್ಕೂ ತಿಳಿದಿರಬೇಕಾದ ಸಂಗತಿ.

2020ರ ಏಪ್ರಿಲ್ 1ರಿಂದ ಬಿ.ಎಸ್.6 ಬಂದಿತು. ಸ್ಪ್ಲೆಂಡರ್ ಪ್ಲಸ್ಸಿನಲ್ಲಿ ಕಾರ್ಬೊರೇಟರ್ ಹೋಗಿ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಬಂದುದು ಈ ಸಂದರ್ಭದಲ್ಲಿಯೇ. ಊರ ಮೆಕ್ಯಾನಿಕರು ಕಾರ್ಬೊರೇಟರನ್ನು ಬಿಚ್ಚಿ ಊದಿ ಸರಿಪಡಿಸುತ್ತಾರೆ. ಇಂಜೆಕ್ಷನ್ನಿನ ದೋಷ ಹುಡುಕಲು ಯಂತ್ರ ಬೇಕು. ನಿಮ್ಮ ಹಳ್ಳಿಯಿಂದ ಅಂಥ ಯಂತ್ರವಿರುವ ಗ್ಯಾರೇಜಿಗೆ ಎಷ್ಟು ದೂರ ಎಂದು ಮೊದಲೇ ಲೆಕ್ಕಹಾಕಿ. ಇನ್ನು 2023ರ ಏಪ್ರಿಲಿನಿಂದೀಚಿನ ಗಾಡಿಗಳ ರಬ್ಬರು, ಕೊಳವೆಗಳು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಒಗ್ಗುವಂತೆ ಮಾಡಿದವು. ಅದಕ್ಕೂ ಹಿಂದಿನ ಗಾಡಿ ಕೊಂಡವರು ಪೆಟ್ರೋಲಿನ ಕೊಳವೆಗಳು ಮೆತ್ತಗಾಗಿವೆಯೇ, ಬಿರುಕು ಬಿಟ್ಟಿವೆಯೇ ಎಂದು ಆಗಾಗ ನೋಡಿಕೊಳ್ಳುವುದು ಲೇಸು.

ಬಾವಿಯ ಲೆಕ್ಕ, ಎಂಜಿನಿನ ಲೆಕ್ಕ

ಆರ್.ಸಿ.ಯಲ್ಲಿ ಸಿ.ಸಿ. ಎಂದು ಒಂದು ಅಂಕಿ ಇರುತ್ತದೆ. ಹಲವರು ಅದನ್ನು ವೇಗವೆಂದು ತಿಳಿದಿದ್ದಾರೆ. ಅದು ವೇಗವಲ್ಲ, ಸಿಲಿಂಡರಿನ ಅಳತೆ. ಬಾವಿಯಲ್ಲಿ ನೀರೆಷ್ಟಿದೆಯೆಂದು ನೀವು ಹೇಗೆ ಲೆಕ್ಕ ಹಾಕುತ್ತೀರಿ? ಅಗಲದ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ನೀರಿನ ಆಳದಿಂದ ಗುಣಿಸುತ್ತೀರಿ. ಎಂಜಿನಿನದೂ ಅದೇ ಲೆಕ್ಕ. ಸಿಲಿಂಡರಿನ ಅಗಲವೇ ಬಾವಿಯ ಅಗಲ, ಪಿಸ್ಟನ್ ಓಡಾಡುವ ಉದ್ದವೇ ನೀರಿನ ಆಳ.

ಯಮಾಹಾ ಆರ್.ಎಕ್ಸ್.100 ಎಂಬ ಗಾಡಿಯನ್ನು ತೆಗೆದುಕೊಳ್ಳಿ. ಇದನ್ನು ಎಸ್ಕಾರ್ಟ್ಸ್ ಕಂಪೆನಿಯವರು 1985ರಿಂದ 1996ರವರೆಗೆ ತಯಾರಿಸಿದರು. ಇಂದಿಗೂ ತರುಣರಿಗೆ ಇದರ ಮೇಲೆ ಹುಚ್ಚು; ಆದ್ದರಿಂದ ಬೆಲೆಯೂ ಹೆಚ್ಚು, ಮೋಸವೂ ಹೆಚ್ಚು. ಇದರ ಸಿಲಿಂಡರಿನ ಅಗಲ 50 ಮಿಲಿಮೀಟರು, ಓಟ 50 ಮಿಲಿಮೀಟರು. ಎರಡೂವರೆ ಸೆಂಟಿಮೀಟರನ್ನು ಎರಡೂವರೆಯಿಂದ ಗುಣಿಸಿದರೆ 6.25, ಅದನ್ನು 3.14ರಿಂದ, ಮತ್ತೆ 5ರಿಂದ ಗುಣಿಸಿದರೆ 98 ಬರುತ್ತದೆ. ಇದರ ತಮ್ಮನಾದ ಆರ್.ಎಕ್ಸ್.135ರ ಓಟವೂ 50 ಮಿಲಿಮೀಟರೇ. ಅಗಲ ಮಾತ್ರ 58. ಲೆಕ್ಕ ಮಾಡಿದರೆ 132 ಬರುತ್ತದೆ. ಓಟ ಒಂದೇ ಆದುದರಿಂದ ನೂರರ ಎಂಜಿನಿನ ಮೇಲೆ 135ರ ಸಿಲಿಂಡರನ್ನು ಕೂಡಿಸುವ ಚಾಳಿ ಹುಟ್ಟಿಕೊಂಡಿತು. ಹೊರಗಿನಿಂದ ನೂರು, ಒಳಗಿನಿಂದ ನೂರ ಮೂವತ್ತೆರಡು. ಇದರ ವಿರುದ್ಧದ ಮೋಸವೂ ಇದೆ: 135ರ ಗಾಡಿಗೇ ನೂರರ ಟ್ಯಾಂಕು, ಚೀಟಿ ಹಾಕಿ ನೂರೆಂದು ಮಾರುವುದು. ಆರ್.ಸಿ.ಯಲ್ಲಿ ಸಿ.ಸಿ. 132 ಎಂದೋ, ತಯಾರಿಕೆಯ ವರ್ಷ 1999 ಎಂದೋ ಇದ್ದರೆ ಅದು ಆರ್.ಎಕ್ಸ್.100 ಅಲ್ಲವೇ ಅಲ್ಲ. ಇದಕ್ಕೆ ಮೆಕ್ಯಾನಿಕನ ಅಗತ್ಯವೂ ಇಲ್ಲ.

ಸಿಲಿಂಡರು ಬದಲಿಸಿದ ಗಾಡಿ "ಚೆನ್ನಾಗಿ ಎಳೆಯುತ್ತದೆ" ಎಂದು ಮಾರುವವನು ಹೇಳಿಯಾನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ಆರ್.ಸಿ.ಯಲ್ಲಿನ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಎಂಜಿನು ಕೆಟ್ಟು ಅದೇ ಬಗೆಯ ಬೇರೆ ಎಂಜಿನನ್ನು ಆರ್.ಟಿ.ಓ. ಅನುಮತಿ ಪಡೆದು ಹಾಕಿಸಿ, ಹೊಸ ಸಂಖ್ಯೆಯನ್ನು ಆರ್.ಸಿ.ಯಲ್ಲಿ ಬರೆಸಿದ್ದರೆ ಬಾಧಕವಿಲ್ಲ.

ಎಣ್ಣೆ ಬೆರೆಸುವುದೋ, ಬೆರೆಸದಿರುವುದೋ

ಈ ಒಂದು ವಿಷಯದಲ್ಲಿ ತಳಿ ತಪ್ಪಿದರೆ ಎಂಜಿನೇ ಹೋಗುತ್ತದೆ. ಆದುದರಿಂದ ನಿಧಾನವಾಗಿ ಓದಿ. ನಮ್ಮ ಹಳ್ಳಿಗಳಲ್ಲಿ ಹುಲ್ಲಿನ ಹೊರೆ, ಹಿಂಡಿಯ ಚೀಲ, ಹಾಲಿನ ಕ್ಯಾನು ಎಲ್ಲವನ್ನೂ ಹೊರುವ ಟಿ.ವಿ.ಎಸ್. ಎಕ್ಸ್.ಎಲ್. ಗಾಡಿಯನ್ನು ಬಲ್ಲದವರಿಲ್ಲ. ಅದರಲ್ಲಿ ಎಕ್ಸ್.ಎಲ್. ಸೂಪರ್, ಹೆವಿ ಡ್ಯೂಟಿ ಎಂಬ ಹಳೆಯವು ಸುಮಾರು 70 ಸಿ.ಸಿ.ಯ ಎರಡು ಹೊಡೆತದ ಎಂಜಿನಿನವು. 2015ರಲ್ಲಿ ಬಂದ ಎಕ್ಸ್.ಎಲ್.100 ಎಂಬುದು 99.7 ಸಿ.ಸಿ.ಯ ನಾಲ್ಕು ಹೊಡೆತದ್ದು. ದೂರದಿಂದ ನೋಡುವವರಿಗೆ ಎರಡೂ ಒಂದೇ.

ಎರಡು ಹೊಡೆತದ ಎಂಜಿನಿನಲ್ಲಿ ಪೆಟ್ರೋಲು ಗಾಳಿಯೊಡನೆ ಕ್ರ್ಯಾಂಕಿನ ಕೋಣೆಯ ಮೂಲಕವೇ ಹಾದುಹೋಗುತ್ತದೆ. ಅಲ್ಲಿಯ ಬೇರಿಂಗಿಗೂ ಪಿಸ್ಟನ್ನಿಗೂ ಜಿಡ್ಡು ಸಿಗುವುದು ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯಿಂದ ಮಾತ್ರ. ಎಣ್ಣೆ ಹಾಕದೆ ಓಡಿಸಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ನಾಲ್ಕು ಹೊಡೆತದ ಎಂಜಿನಿಗೆ ಎಣ್ಣೆ ಅದರ ಹೊಟ್ಟೆಯಲ್ಲಿ ಬೇರೆಯೇ ಇರುತ್ತದೆ. ಅದರ ಪೆಟ್ರೋಲಿಗೆ ಎಣ್ಣೆ ಬೆರೆಸಿದರೆ ಪ್ಲಗ್ಗಿಗೆ ಮಸಿ ಕಟ್ಟಿ ಹೊಗೆ ಬರುತ್ತದೆ. ಕೊಳ್ಳುವಾಗ ಆರ್.ಸಿ.ಯ ಸಿ.ಸಿ.ಯನ್ನು ನೋಡಿ. ಜೊತೆಗೆ "ಎಣ್ಣೆ ಬೆರೆಸುತ್ತೀರೋ, ಎಷ್ಟು ಬೆರೆಸುತ್ತೀರಿ" ಎಂದು ಮಾರುವವನನ್ನು ಬಾಯಿಬಿಟ್ಟು ಕೇಳಿ. ಮೇಲೆ ಹೇಳಿದ ಆರ್.ಎಕ್ಸ್.100ರಲ್ಲಿ ಎಣ್ಣೆಗೆ ಬೇರೆ ಡಬ್ಬಿಯೂ ಪಂಪೂ ಇವೆ. ಆದರೆ ಪಂಪನ್ನು ತೆಗೆದು ಪೆಟ್ರೋಲಿಗೇ ಎಣ್ಣೆ ಬೆರೆಸುವಂತೆ ಮಾಡಿದ ಗಾಡಿಗಳೂ ಇವೆ. ಡಬ್ಬಿಯಲ್ಲಿ ಎಣ್ಣೆಯಿದೆಯೆಂದು ನಂಬಿ ಬರಿಯ ಪೆಟ್ರೋಲು ತುಂಬಿದರೆ ಮನೆ ಮುಟ್ಟುವ ಮೊದಲೇ ಗಾಡಿ ನಿಂತೀತು.

ಮೈಸೂರಿನ ಗಾಡಿಗಳು

ನಮ್ಮ ರಾಜ್ಯದಲ್ಲಿಯೇ ಹುಟ್ಟಿದ ಗಾಡಿಯ ವಿಷಯ ಹೇಳದೆ ಈ ಪಾಠ ಮುಗಿಯದು. ಚೆಕೊಸ್ಲೊವಾಕಿಯ ದೇಶದ ಜಾವಾ ಗಾಡಿಯನ್ನು ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯವರು 1960ರ ದಶಕದ ಆರಂಭದಿಂದ ತಯಾರಿಸಿದರು. 1973ರಿಂದ ಅದೇ ಕಾರ್ಖಾನೆಯ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ಕರೂ ಗೇರೂ ಒಂದೇ ಸನ್ನೆಯಲ್ಲಿರುವುದು, ಸಿಲಿಂಡರು ಒಂದೇ ಆದರೂ ಹೊಗೆಕೊಳವೆ ಎರಡಿರುವುದು ಇವುಗಳ ಗುರುತು.

ಇವುಗಳ ತಳಿ ಹೇಳುವುದು ನುರಿತವರಿಗೂ ಕಷ್ಟ. 250 ಸಿ.ಸಿ.ಯ ಜಾವಾ, ಯೆಜ್ಡಿ ಕ್ಲಾಸಿಕ್, ರೋಡ್‌ಕಿಂಗ್ ಇವೆಲ್ಲಕ್ಕೂ ಸಿಲಿಂಡರಿನ ಅಳತೆ 65ಕ್ಕೆ 75 ಮಿಲಿಮೀಟರೇ. ನಮ್ಮ ಬಾವಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎಲ್ಲದಕ್ಕೂ 249ರ ಸುಮಾರು ಬರುತ್ತದೆ. ಬಿಡಿಭಾಗಗಳೂ ಬಹಳಷ್ಟು ಅದಲುಬದಲಾಗುತ್ತವೆ. ಜಾವಾ ಎಂಬ ಹೆಸರಿಗೆ ಸಂಗ್ರಹ ಮಾಡುವವರು ಹೆಚ್ಚು ಬೆಲೆ ಕೊಡುವುದರಿಂದ ಯೆಜ್ಡಿಗೆ ಜಾವಾದ ಟ್ಯಾಂಕು ತೊಡಿಸುವವರು ಇದ್ದಾರೆ. ಆದರೆ ವರ್ಷವನ್ನು ಬದಲಿಸಲು ಆಗದು. ತಯಾರಿಕೆಯ ವರ್ಷ 1985 ಎಂದಿರುವ ಮೈಸೂರಿನ ಗಾಡಿ ಯೆಜ್ಡಿಯೇ ಹೊರತು ಜಾವಾ ಅಲ್ಲ, ಟ್ಯಾಂಕಿನ ಮೇಲೆ ಏನೇ ಬರೆದಿರಲಿ. ಆಯಿಲ್ ಕಿಂಗ್ ಎಂಬ ತಳಿಗೆ ಎಣ್ಣೆಯ ಪಂಪು ಇತ್ತು. ರೋಡ್‌ಕಿಂಗಿಗೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು. ಹಳೆಯ ಆರ್.ಸಿ. ಪುಸ್ತಕದಿಂದ ಗಣಕಯಂತ್ರಕ್ಕೆ ಏರಿಸುವಾಗ ಅಕ್ಷರಗಳು ತಪ್ಪಿರುವುದುಂಟು. ಆದ್ದರಿಂದ ಇಂಥ ಗಾಡಿಗೆ ಹಳೆಯ ಪುಸ್ತಕವನ್ನೂ ಕೇಳಿ ಪಡೆಯಿರಿ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೆ ಪೇಟೆಗೆ ಬಂದಿವೆ. ಇವು ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕಂಪೆನಿಯವು. ನೀರಿನಿಂದ ತಂಪಾಗುವ ನಾಲ್ಕು ಹೊಡೆತದ ಎಂಜಿನಿನವು. ಮೈಸೂರಿನ ಗಾಡಿಯ ಸಾಮಾನು ಇವುಗಳ ಎಂಜಿನಿಗೆ ಆಗುವುದಿಲ್ಲ.

ಬುಲೆಟ್ಟಿನ ಬಗ್ಗೆ ಎರಡೇ ಮಾತು. ಹಳೆಯ ನಾಲ್ಕು ಗೇರಿನ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಬೇರೆ ಗಾಡಿಯ ರೂಢಿಯವರು ಮೊದಲ ದಿನ ಎಚ್ಚರವಿರಬೇಕು. ಅದರ ಸಿಲಿಂಡರು ಎರಕದ ಕಬ್ಬಿಣದ್ದು, ಅಯಸ್ಕಾಂತ ಅಂಟುತ್ತದೆ. ಈಚಿನ ಎಂಜಿನುಗಳ ಸಿಲಿಂಡರು ಅಲ್ಯೂಮಿನಿಯಮ್ಮಿನದು, ಅಂಟುವುದಿಲ್ಲ. "ಹಳೆಯ ಕಬ್ಬಿಣದ ಬುಲೆಟ್ಟು" ಎಂದು ಹೇಳಿ ಹೆಚ್ಚು ಹಣ ಕೇಳಿದರೆ ಕಿಸೆಯಿಂದ ಅಯಸ್ಕಾಂತ ತೆಗೆಯಿರಿ. ಮಾರುವವನ ಮುಖ ನೋಡಿದರೇ ಉತ್ತರ ತಿಳಿದೀತು.

ಹಣ ಕೊಡುವ ಮೊದಲು

ಆರ್.ಸಿ.ಯ ಮೂಲಪ್ರತಿಯನ್ನು ಬಿಸಿಲಿನಲ್ಲಿ ಹಿಡಿದು, ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ, ತಳಿಯ ಹೆಸರು, ತಯಾರಿಕೆಯ ತಿಂಗಳು ವರ್ಷ, ಸಿ.ಸಿ., ಬಣ್ಣ ಇವನ್ನು ನಿಮ್ಮ ಅಚ್ಚಿನೊಡನೆ ಒಂದೊಂದಾಗಿ ತಾಳೆ ನೋಡಿ. ಒಬ್ಬರು ಓದಲಿ, ಇನ್ನೊಬ್ಬರು ಗುರುತು ಹಾಕಲಿ. ಮಗನೋ ಮಗಳೋ ಶಾಲೆಗೆ ಹೋಗುವವರಿದ್ದರೆ ಕರೆದೊಯ್ಯಿರಿ. ಸರಕಾರದ ಎಂಪರಿವಾಹನ್ ಎಂಬ ಆ್ಯಪಿನಲ್ಲಿ ಗಾಡಿಯ ಸಂಖ್ಯೆ ಹಾಕಿ ವಿವರ ತೆಗೆಯುವುದು ಅವರಿಗೆ ನಿಮಿಷದ ಕೆಲಸ. ಸಾಲದ ಬಾಕಿ ಇದ್ದರೆ ಅದೂ ಆರ್.ಸಿ.ಯಲ್ಲಿ ಕಾಣುತ್ತದೆ, ಸಾಲ ತೀರಿದ್ದರೆ ಬ್ಯಾಂಕಿನವರ 35ನೆಯ ನಮೂನೆ ಬೇಕು.

ಕಾಸರಗೋಡಿನ ಕಡೆಯಿಂದ ಬರುವ ಕೆ.ಎಲ್.14 ಸಂಖ್ಯೆಯ ಗಾಡಿಗಳು ಮಂಗಳೂರಿನಲ್ಲಿ ಧಾರಾಳವಾಗಿ ಓಡಾಡುತ್ತವೆ. ನೆಂಟಸ್ತಿಕೆಯಲ್ಲಿ ಗಡಿ ಇಲ್ಲದಿದ್ದರೂ ಕಾಗದಪತ್ರದಲ್ಲಿ ಇದೆ. ಅಂಥ ಗಾಡಿಗೆ ಅಲ್ಲಿಯ ಕಛೇರಿಯಿಂದ ನಿರಾಕ್ಷೇಪಣಾ ಪತ್ರ, ಅಂದರೆ 28ನೆಯ ನಮೂನೆ ಪಡೆದು, ಇಲ್ಲಿ ತೆರಿಗೆ ಕಟ್ಟಿ ಹೊಸ ಸಂಖ್ಯೆ ಪಡೆಯಬೇಕಾಗುತ್ತದೆ. ಆಗ ಗಾಡಿಯನ್ನು ಕಛೇರಿಯವರೂ ಪರೀಕ್ಷಿಸುತ್ತಾರೆ. ತಳಿಯಲ್ಲಿ ತಪ್ಪಿದ್ದರೆ ಅಲ್ಲಿ ಹೊರಬೀಳುತ್ತದೆ, ಆದರೆ ಅಷ್ಟರಲ್ಲಿ ನಿಮ್ಮ ಹಣ ಕೈಬಿಟ್ಟಿರುತ್ತದೆ. ಆದ್ದರಿಂದ ತೆರಿಗೆಯ ಲೆಕ್ಕವನ್ನೂ ಸಂಖ್ಯೆಯ ತಾಳೆಯನ್ನೂ ಮುಂಗಡ ಕೊಡುವ ಮೊದಲೇ ಮುಗಿಸಿಕೊಳ್ಳಿ.

ಎಲ್ಲವೂ ಸರಿಯಿದ್ದರೆ 29, 30ನೆಯ ನಮೂನೆಗಳಿಗೆ ಮಾರುವವರ ಸಹಿ ಹಾಕಿಸಿಕೊಂಡು ಹಣ ಕೊಡಿ. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್.ಟಿ.ಓ.ಗೆ ತಿಳಿಸತಕ್ಕದ್ದು. ಮಂಗಳೂರಿನ ಕಛೇರಿ ನೆಹರೂ ಮೈದಾನದ ಬಳಿ ಇದೆ. ಸ್ಟೇಟ್ ಬ್ಯಾಂಕಿನ ಬಸ್ಸು ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳ ಅವಧಿಯಿದೆ; ಅರ್ಜಿಯಲ್ಲಿ ತಳಿಯ ಹೆಸರನ್ನು ಆರ್.ಸಿ.ಯಲ್ಲಿ ಇದ್ದಂತೆಯೇ ಅಕ್ಷರಶಃ ಬರೆಸಿ. ಪೆನ್ಸಿಲ್ ಅಚ್ಚು ತೆಗೆದ ಕಾಗದವನ್ನು ಎಸೆಯದೆ ಆರ್.ಸಿ.ಯೊಡನೆ ಇಟ್ಟುಕೊಂಡಿರಿ, ಮುಂದೆ ಸಾಮಾನಿಗೆ ಹೋದಾಗಲೆಲ್ಲ ಅದನ್ನೇ ಅಂಗಡಿಯ ಮೇಜಿನ ಮೇಲಿಡಬಹುದು.